ಅರವತ್ತು ಫ್ರಾಂಕಿನ ಸಂಘ, ಮೇಣದ ಹುಡುಗಿ

ನಾಲ್ಕು ಜನ ಸೇರಿ ಸಂಘ ಕಟ್ಟೋದು ಸುಲಭ. ವರ್ಷದ ಕೊನೆಗೆ ಲೆಕ್ಕ ಒಪ್ಪಿಸೋದು ಕಷ್ಟ. ಪೇಟೆ ಬೀದಿಯ ವರ್ತಕರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಚೀಟಿ ಹಾಕಿದವರಿಗೆ ಗೊತ್ತು, ಗಣೇಶೋತ್ಸವದ ಚಂದಾ ಎತ್ತಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಇಡೀ ಪ್ರಪಂಚದ ಚಿತ್ರಕಲೆಯ ದಿಕ್ಕು ಬದಲಾಯಿಸಿದ ಒಂದು ಸಂಘವೂ ಹೀಗೇ ಚಂದಾ ಎತ್ತಿ, ಹೀಗೇ ಜಗಳ ಆಡಿ, ಹೀಗೇ ನಷ್ಟದಲ್ಲಿ ಬಾಗಿಲು ಹಾಕಿತು ಎಂದರೆ ನಂಬುತ್ತೀರಾ? ನಂಬಲೇಬೇಕು. ಊರು ಪ್ಯಾರಿಸ್. ವರ್ಷ 1874. ಆ ಸಂಘಕ್ಕೆ ಜನ ಕೂಡಿಸಲು ಹಗಲೂ ರಾತ್ರಿ ಓಡಾಡಿದವರಲ್ಲಿ ಮುಂದಾಳು ಎಡ್ಗರ್ ದೆಗಾ. ಕೊನೆಗೆ ಅದೇ ಸಂಘ ಒಡೆಯಲೂ ಅರ್ಧಕ್ಕರ್ಧ ಈತನೇ ಕಾರಣ!

ಬ್ಯಾಂಕಿನ ಮನೆಯ ಹುಡುಗ

ದೆಗಾ ಹುಟ್ಟಿದ್ದು 1834ರ ಜುಲೈ 19ರಂದು, ಪ್ಯಾರಿಸ್ಸಿನಲ್ಲೇ. ಅಜ್ಜ ಇಟಲಿಯ ನೇಪಲ್ಸ್‌ನಲ್ಲಿ ಬ್ಯಾಂಕು ಇಟ್ಟವನು. ಅಪ್ಪ ಪ್ಯಾರಿಸ್ಸಿನ ಶಾಖೆ ನೋಡಿಕೊಳ್ಳುತ್ತಿದ್ದ. ತಾಯಿಯ ಕಡೆಯವರು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಹತ್ತಿ ವ್ಯಾಪಾರಿಗಳು. ಒಟ್ಟಿನಲ್ಲಿ ಹೊಟ್ಟೆ ಬಟ್ಟೆಗೆ ಕೊರತೆ ಇಲ್ಲದ ಮನೆ. ಕೊರತೆ ಇದ್ದದ್ದು ಒಂದೇ. ಹುಡುಗನಿಗೆ 13 ತುಂಬುವ ಹೊತ್ತಿಗೆ ತಾಯಿ ತೀರಿಕೊಂಡಳು.

ಮಗ ಕಾನೂನು ಓದಲಿ ಎಂದು ಮನೆಯವರ ಆಸೆ. ಈತನ ಕಾಲು ಮಾತ್ರ ಲೂವ್ರ್ ವಸ್ತುಸಂಗ್ರಹಾಲಯದ ಕಡೆಗೇ ಎಳೆಯುತ್ತಿತ್ತು. 1853ರಲ್ಲಿ ಅಲ್ಲಿ ಹಳೆಯ ಚಿತ್ರಗಳನ್ನು ನಕಲು ಮಾಡಲು ಹೆಸರು ನೋಂದಾಯಿಸಿದ. 1855ರಲ್ಲಿ ಸರ್ಕಾರದ ಕಲಾಶಾಲೆ ಸೇರಿದ. ಅದೇ ವರ್ಷ ಆಂಗ್ರ್ ಎಂಬ ಹಿರಿಯ ಕಲಾವಿದನನ್ನು ಕಂಡ. ಗೆರೆ ಎಳಿ, ಇನ್ನೂ ಗೆರೆ ಎಳಿ, ಬಿಡದೆ ಎಳಿ ಎಂಬುದಿಷ್ಟೇ ಆ ಹಿರಿಯನ ಉಪದೇಶ. ದೆಗಾ ಅದನ್ನು ಸಾಯುವ ತನಕ ಮರೆಯಲಿಲ್ಲ. ನಂತರ ಮೂರು ವರ್ಷ ಇಟಲಿ ಸುತ್ತಿದ. ಅಲ್ಲಿನ ಗೋಡೆ ಚಿತ್ರಗಳನ್ನು ನೋಡಿ ನೋಡಿ ಪುಸ್ತಕಗಟ್ಟಲೆ ಗೀಚಿದ.

ಆಗ ಪ್ಯಾರಿಸ್ಸಿನಲ್ಲಿ ಚಿತ್ರಗಾರ ಎನ್ನಿಸಿಕೊಳ್ಳಬೇಕಾದರೆ ದಾರಿ ಒಂದೇ. ಸರ್ಕಾರದ ಕೃಪೆಯಲ್ಲಿ ನಡೆಯುವ ಸಲೋನ್ ಎಂಬ ದೊಡ್ಡ ಪ್ರದರ್ಶನ. ಲಕ್ಷಗಟ್ಟಲೆ ಜನ ಬರುವ ಜಾತ್ರೆ ಅದು. ಯಾವ ಚಿತ್ರ ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸಲು ಒಂದು ಸಮಿತಿ. ಸಮಿತಿಯವರಿಗೆ ಹಿಡಿಸದಿದ್ದರೆ ಕತೆ ಮುಗೀತು. ಒಳಗೆ ಹೋದರೂ ಸುಖವಿಲ್ಲ. ಅಂಗಡಿಯ ಮಾಡದಲ್ಲಿ ಡಬ್ಬ ಪೇರಿಸಿದಂತೆ ನೆಲದಿಂದ ಸೂರಿನವರೆಗೂ ಚಿತ್ರ ಪೇರಿಸುತ್ತಿದ್ದರು. ಮೇಲಿನ ಸಾಲಿಗೆ ಬಿದ್ದವನ ಗತಿ ಕೇಳೋರೇ ಇಲ್ಲ.

ದೆಗಾನ ಚಿತ್ರಗಳನ್ನು ಸಲೋನ್ 1865ರಿಂದ 1870ರವರೆಗೆ ತೆಗೆದುಕೊಂಡಿತು. ಅಂದರೆ ತಿರಸ್ಕಾರದ ಸಿಟ್ಟು ಈತನದಲ್ಲ. ಸಿಟ್ಟು ಪ್ರದರ್ಶನದ ರೀತಿಯ ಮೇಲೆ. 1870ರಲ್ಲಿ ಪತ್ರಿಕೆಗೆ ಒಂದು ಬಹಿರಂಗ ಪತ್ರ ಬರೆದೇಬಿಟ್ಟ. ಚಿತ್ರಗಳನ್ನು ಎರಡೇ ಸಾಲಿನಲ್ಲಿ ತೂಗುಹಾಕಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಿಡಿ, ಕಲಾವಿದ ಕೇಳಿದ ಕಡೆ ಇಡಿ ಎಂದು ವಾದಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಗೆ ಸಲೋನಿಗೂ ದೆಗಾನಿಗೂ ಋಣ ಹರಿಯಿತು.

ಅದೇ ವರ್ಷ ಯುದ್ಧ. ದೆಗಾ ಕಾವಲು ಪಡೆ ಸೇರಿದ. ಬಂದೂಕು ತರಬೇತಿಯಲ್ಲಿ ಗುರಿ ಇಡಲು ಹೋದರೆ ಬಲಗಣ್ಣಿಗೆ ಗುರಿ ಹಲಗೆಯೇ ಸರಿಯಾಗಿ ಕಾಣದು! ವಯಸ್ಸು 36. ಬರೆಯೋದೇ ಬದುಕು ಅಂದುಕೊಂಡವನಿಗೆ ಕಣ್ಣೇ ಕೈಕೊಡುವ ಸೂಚನೆ. ಆ ಹೆದರಿಕೆ ಮುಂದೆ ಒಂದು ದಿನವೂ ಆತನ ಬೆನ್ನು ಬಿಡಲಿಲ್ಲ.

ಬೇಕರಿಯವರ ಕಾಯಿದೆ, ಚಿತ್ರಗಾರರ ಸಂಘ

1873ರ ಡಿಸೆಂಬರ್ ಕೊನೆಯಲ್ಲಿ ಮೋನೆ, ಪಿಸ್ಸಾರೊ, ರೆನ್ವಾ, ಸಿಸ್ಲೆ, ದೆಗಾ ಮುಂತಾದವರು ಸೇರಿ ಒಂದು ಸಹಕಾರ ಸಂಘ ಸ್ಥಾಪಿಸಿದರು. ಸಂಘದ ನಿಯಮಾವಳಿ ಎಲ್ಲಿಂದ ಬಂತು ಗೊತ್ತೇ? ಪಿಸ್ಸಾರೊ ತನ್ನ ಊರಿನ ರೊಟ್ಟಿ ಸುಡುವವರ ಸಂಘದ ಕಾಯಿದೆ ಪುಸ್ತಕ ತಂದು ಮುಂದಿಟ್ಟ. ಅದನ್ನೇ ತಿದ್ದಿ ತೀಡಿ ಚಿತ್ರಗಾರರಿಗೆ ಹೊಂದಿಸಿದರು. ತಲೆಗೆ ವರ್ಷಕ್ಕೆ 60 ಫ್ರಾಂಕ್ ವಂತಿಗೆ. ಮಾರಾಟವಾದದ್ದರಲ್ಲಿ ನೂರಕ್ಕೆ 10 ಸಂಘಕ್ಕೆ. ಆಯ್ಕೆ ಸಮಿತಿ ಇಲ್ಲ, ಬಹುಮಾನ ಇಲ್ಲ, ಪದಕ ಇಲ್ಲ. ವಂತಿಗೆ ಕಟ್ಟಿದವನ ಚಿತ್ರ ಗೋಡೆಗೆ ಏರಬೇಕು, ಅಷ್ಟೇ.

ಜನ ಕೂಡಿಸುವ ಕೆಲಸಕ್ಕೆ ದೆಗಾ ಟೊಂಕ ಕಟ್ಟಿ ನಿಂತ. ಹೆಣ್ಣುಮಗಳೊಬ್ಬಳೂ ಇರಲಿ ಎಂದು ಬರ್ತ್ ಮೊರಿಸೋ ಎಂಬ ಕಲಾವಿದೆಯ ತಾಯಿಗೇ ಕಾಗದ ಬರೆದ. ಆಕೆ ಬಂದಳು. ಲಂಡನ್ನಿನಲ್ಲಿ ಕೈತುಂಬ ಸಂಪಾದಿಸುತ್ತಿದ್ದ ಗೆಳೆಯ ತಿಸ್ಸೋಗೆ ಬರೆದ. ಅವನು ಬರಲಿಲ್ಲ. ಮಾನೆಯನ್ನು ಕೇಳಿಕೊಂಡ. ಮಾನೆ ಸಲೋನ್ ಬಿಡಲು ಒಪ್ಪಲಿಲ್ಲ. ದೆಗಾನ ಲೆಕ್ಕಾಚಾರ ಬೇರೆಯೇ ಇತ್ತು. ಬರೀ ಹೊಸ ಹುಡುಗರೇ ನಿಂತರೆ ಜನ ತಿರಸ್ಕೃತರ ಗುಂಪು ಎನ್ನುತ್ತಾರೆ. ಸಲೋನಿನಲ್ಲಿ ಹೆಸರು ಮಾಡಿದ ನಾಲ್ಕಾರು ಮಂದಿಯೂ ಇದ್ದರೆ ಅಂಗಡಿಗೆ ಒಂದು ತೂಕ. ವ್ಯಾಪಾರದ ಮನೆಯಲ್ಲಿ ಹುಟ್ಟಿದವನ ಬುದ್ಧಿ ಇದು.

ಈ ಓಡಾಟದ ನಡುವೆ, 1874ರ ಫೆಬ್ರವರಿಯಲ್ಲಿ, ದೆಗಾನ ಅಪ್ಪ ನೇಪಲ್ಸ್‌ನಲ್ಲಿ ಸತ್ತ. ಬ್ಯಾಂಕಿನ ಪುಸ್ತಕ ಬಿಚ್ಚಿ ನೋಡಿದರೆ ಒಳಗೆಲ್ಲ ಟೊಳ್ಳು! ಮೇಲೆ ತಮ್ಮ ರೆನೆ ಅಮೆರಿಕದಲ್ಲಿ ವ್ಯಾಪಾರಕ್ಕೆಂದು ಮಾಡಿದ ಸಾಲ ಬೇರೆ. ಸೋದರಮಾವನ ಹತ್ತಿ ಕಚೇರಿಯನ್ನು 1873ರಲ್ಲಿ ಅಲ್ಲೇ ಕೂತು ದೆಗಾ ಬರೆದಿದ್ದ. ಹತ್ತಿ ಹಿಂಜಿ ನೋಡುವ ಮಾವ, ಪೇಪರ್ ಓದುತ್ತ ಕೂತ ತಮ್ಮ, ಲೆಕ್ಕ ಬರೆಯುವ ಗುಮಾಸ್ತರು. ಆ ಚಿತ್ರವನ್ನು 1878ರಲ್ಲಿ ಪೋ ಎಂಬ ಊರಿನ ಮ್ಯೂಸಿಯಂ ಕೊಂಡುಕೊಂಡಿತು. ದೆಗಾನ ಚಿತ್ರವೊಂದು ಮ್ಯೂಸಿಯಂ ಸೇರಿದ್ದು ಅದೇ ಮೊದಲು. ಮುಳುಗಿದ ವ್ಯಾಪಾರದ ಚಿತ್ರ ಉಳಿಯಿತು, ವ್ಯಾಪಾರ ಉಳಿಯಲಿಲ್ಲ.

ಒಂದು ತಿಂಗಳ ಪ್ರದರ್ಶನ

1874ರ ಏಪ್ರಿಲ್ 15. ಸಲೋನ್ ಶುರುವಾಗಲು ಇನ್ನೂ ಎರಡು ವಾರ ಇರುವಾಗಲೇ ಸಂಘದ ಪ್ರದರ್ಶನ ಬಾಗಿಲು ತೆರೆಯಿತು. ಜಾಗ ಕಪುಸೀನ್ ಬುಲವಾರ್ಡ್‌ನ 35ನೇ ನಂಬರು, ನಾದಾರ್ ಎಂಬ ಪ್ರಸಿದ್ಧ ಫೋಟೋಗ್ರಾಫರನ ಹಳೇ ಸ್ಟುಡಿಯೋ. ಸುಮಾರು 30 ಮಂದಿ ಕಲಾವಿದರು. ಪಟ್ಟಿಯಲ್ಲಿ 165 ಕೃತಿಗಳು. ದೆಗಾನದು ಅದರಲ್ಲಿ 10. ಪ್ರವೇಶಕ್ಕೆ 1 ಫ್ರಾಂಕ್. ಬೆಳಿಗ್ಗೆ 10ರಿಂದ ಸಂಜೆ 6, ಆಮೇಲೆ ಮತ್ತೆ ರಾತ್ರಿ 8ರಿಂದ 10. ಕೆಲಸ ಮುಗಿಸಿ ಬರುವ ಮಂದಿಗೂ ಅನುಕೂಲವಾಗಲಿ ಎಂದು ಗ್ಯಾಸ್ ದೀಪ ಹಚ್ಚಿ ರಾತ್ರಿಯೂ ತೆರೆದಿಟ್ಟರು!

ಮೊದಲ ದಿನ ಬಂದವರು 175 ಮಂದಿ. ತಿಂಗಳು ಮುಗಿಯುವ ಹೊತ್ತಿಗೆ ಒಟ್ಟು 3,500. ಕೆಲವು ರಾತ್ರಿ ಇಬ್ಬರೇ ಇಬ್ಬರು ಬಂದದ್ದೂ ಉಂಟು. ಬಂದವರಲ್ಲಿ ನಗಲು ಬಂದವರೇ ಹೆಚ್ಚು. ಲೂಯಿ ಲರ್ವಾ ಎಂಬ ಪತ್ರಕರ್ತ ಒಂದು ನಗೆಪತ್ರಿಕೆಯಲ್ಲಿ ಮೋನೆಯ ಸೂರ್ಯೋದಯದ ಚಿತ್ರದ ಹೆಸರು ಹಿಡಿದುಕೊಂಡು ಇಡೀ ಗುಂಪಿಗೇ ಇಂಪ್ರೆಶನಿಸ್ಟರು ಎಂದು ಅಡ್ಡಹೆಸರು ಕಟ್ಟಿದ. ಅಡ್ಡಹೆಸರೇ ನಿಂತಿತು. ಮುಂದೆ ಉಳಿದವರು ಅದನ್ನೇ ಹೆಮ್ಮೆಯಿಂದ ಹೊತ್ತರು. ದೆಗಾ ಮಾತ್ರ ಕೊನೆವರೆಗೂ ಒಪ್ಪಲಿಲ್ಲ. ಬಯಲಿನಲ್ಲಿ ನಿಂತು ಬೆಳಕು ಹಿಡಿಯುವವರು ಅವರು; ಕೋಣೆಯೊಳಗೆ ಕೂತು, ನೆನಪಿನಿಂದ, ನೂರು ಸಲ ಅಳಿಸಿ ಬರೆಯುವವನು ತಾನು ಎಂಬುದು ಆತನ ವಾದ.

ಡಿಸೆಂಬರಿನಲ್ಲಿ ರೆನ್ವಾನ ಕೋಣೆಯಲ್ಲಿ ಸಭೆ ಸೇರಿ ಲೆಕ್ಕ ನೋಡಿದರು. ಲಾಭದ ಮಾತು ಹಾಗಿರಲಿ, ಸಾಲ ತೀರಿಸಲು ಪ್ರತಿ ಸದಸ್ಯನೂ 184 ಫ್ರಾಂಕ್ 50 ಸೆಂಟೀಮ್ ಕೈಯಿಂದ ಕಟ್ಟಬೇಕು ಎಂದಾಯಿತು. ಸಂಘ ವಿಸರ್ಜನೆಯಾಯಿತು. ಪ್ರದರ್ಶನ ನಿಲ್ಲಲಿಲ್ಲ. 1874ರಿಂದ 1886ರವರೆಗೆ ಒಟ್ಟು 8 ಸಲ ನಡೆಯಿತು. ದೆಗಾ ಒಂದನ್ನು ಬಿಟ್ಟು ಉಳಿದ ಏಳರಲ್ಲೂ ಇದ್ದ.

ಒಂದರೊಳಗೊಂದು ಬೆರೆಸಿ

ಸಾಲ ತಲೆಯ ಮೇಲೆ ಬಂದ ಮೇಲೆ ದೆಗಾ ತನ್ನ ಮನೆ ಮಾರಿದ. ತಾನು ಆಸೆಪಟ್ಟು ಕೂಡಿಟ್ಟ ಚಿತ್ರಗಳನ್ನು ಮಾರಿದ. ಮಿಕ್ಕಿದ್ದನ್ನು ಕಂತಿನ ಮೇಲೆ ತೀರಿಸಬೇಕು. ಕಾನೂನು ಪ್ರಕಾರ ತಪ್ಪಿಸಿಕೊಳ್ಳುವ ದಾರಿ ಹುಡುಕಬಹುದಿತ್ತೇನೋ. ಮನೆತನದ ಹೆಸರು ಉಳಿಯಬೇಕು ಎಂದು ಹಠ ಹಿಡಿದ. ತನ್ನ 40ನೇ ವಯಸ್ಸಿನ ನಂತರ, ಜೀವನದಲ್ಲಿ ಮೊದಲ ಬಾರಿಗೆ, ಹೊಟ್ಟೆಪಾಡಿಗಾಗಿ ಚಿತ್ರ ಬರೆಯಬೇಕಾಯಿತು.

ಎಣ್ಣೆ ಬಣ್ಣದ ದೊಡ್ಡ ಚಿತ್ರ ಒಣಗಲು ವಾರಗಟ್ಟಲೆ ಬೇಕು. ಬೇಗ ಮುಗಿಯಬೇಕು, ಬೇಗ ಮಾರಬೇಕು, ಮಂದವಾಗುತ್ತಿರುವ ಕಣ್ಣಿಗೂ ಒಗ್ಗಬೇಕು. ಇಲ್ಲಿಂದ ಶುರುವಾಯಿತು ದೆಗಾನ ಮಿಶ್ರ ಮಾಧ್ಯಮದ ಹುಚ್ಚು.

ಎಣ್ಣೆ ಬಣ್ಣವನ್ನು ಒತ್ತುಕಾಗದದ ಮೇಲೆ ಹರಡಿ ಎಣ್ಣೆ ಹೀರಿಸಿ ತೆಗೆಯುತ್ತಿದ್ದ. ಉಳಿದ ಒಣ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಬಳಿಯುತ್ತಿದ್ದ. ನಿಮಿಷದಲ್ಲಿ ಒಣಗಿ, ಹೊಳಪಿಲ್ಲದೆ ಗೋಡೆ ಚಿತ್ರದ ಹಾಗೆ ಕಾಣುತ್ತಿತ್ತು. ಬಣ್ಣದ ಪುಡಿಗೆ ಅಂಟು ಕಲಸಿ ಬರೆದ. ಬಣ್ಣದ ಸೀಮೆಸುಣ್ಣದಂಥ ಪಾಸ್ಟೆಲ್ ಕಡ್ಡಿಯಲ್ಲಿ ಬರೆದು, ಅದರ ಮೇಲೆ ಬಿಸಿನೀರಿನ ಹಬೆ ಹಾಯಿಸಿದ. ಪುಡಿ ಕರಗಿ ಹಿಟ್ಟಾಗುತ್ತಿದ್ದಂತೆ ಕುಂಚದಿಂದ ತೀಡಿದ. ಒಂದು ಪದರ ಬರೆದು, ಅದು ಅಲ್ಲಾಡದಂತೆ ಅಂಟು ಸಿಂಪಡಿಸಿ, ಮೇಲೆ ಇನ್ನೊಂದು ಪದರ. ಹಾಳೆ ಸಾಲದಿದ್ದರೆ ಪಕ್ಕಕ್ಕೆ ಇನ್ನೊಂದು ಪಟ್ಟಿ ಅಂಟಿಸಿ ಮುಂದುವರಿದ. ರೇಷ್ಮೆ ಬೀಸಣಿಗೆಯ ಮೇಲೆ ಚಿನ್ನ ಬೆಳ್ಳಿಯ ಪುಡಿ ಉದುರಿಸಿ ಬರೆದ. ವಿದ್ಯುತ್ ದೀಪದ ಇಂಗಾಲದ ಕಡ್ಡಿ ಕೈಗೆ ಸಿಕ್ಕಿದರೆ ಅದರಿಂದಲೇ ತಾಮ್ರದ ತಗಡು ಗೀಚಿದ.

ಇವೆಲ್ಲಕ್ಕಿಂತ ದೆಗಾನಿಗೆ ಹಿಡಿಸಿದ್ದು ಮೊನೊಟೈಪ್ ಎಂಬ ವಿಧಾನ. ಗೆಳೆಯ ಲೆಪಿಕ್ ಜೊತೆ ಸೇರಿ 1870ರ ದಶಕದ ಮಧ್ಯದಲ್ಲಿ ಶುರುಮಾಡಿದ್ದು. ಲೋಹದ ತಗಡಿಗೆ ಅಚ್ಚಿನ ಮಸಿ ಬಳಿಯೋದು. ಬಟ್ಟೆ, ಕುಂಚ, ಕೊನೆಗೆ ಬೆರಳಿನಿಂದಲೇ ಮಸಿ ಒರೆಸಿ ಚಿತ್ರ ತೆಗೆಯೋದು. ಮೇಲೆ ಒದ್ದೆ ಕಾಗದ ಇಟ್ಟು ಯಂತ್ರದಲ್ಲಿ ಒತ್ತೋದು. ಒಂದು ಪ್ರತಿ ಚೆನ್ನಾಗಿ ಬರುತ್ತೆ. ಎರಡನೆಯದು ಮಸುಕು. ಬೇರೆಯವರಾದರೆ ಆ ಮಸುಕು ಪ್ರತಿಯನ್ನು ಬಿಸಾಡುತ್ತಿದ್ದರು. ದೆಗಾ ಅದರ ಮೇಲೇ ಪಾಸ್ಟೆಲ್ ತುಂಬಿ ಹೊಸ ಚಿತ್ರ ಮಾಡುತ್ತಿದ್ದ. ಬಟ್ಟೆ ಅಂಗಡಿಯವರು ತುಂಡು ಬಟ್ಟೆಯಲ್ಲೇ ಲಾಭ ಕಾಣುವ ಹಾಗೆ!

ಇಂಥದೇ ಒಂದು ನೃತ್ಯಾಭ್ಯಾಸದ ಚಿತ್ರವನ್ನು ಇಪ್ಪತ್ತರ ಆಸುಪಾಸಿನ ಅಮೆರಿಕನ್ ಹುಡುಗಿಯೊಬ್ಬಳು 500 ಫ್ರಾಂಕಿಗೆ ಕೊಂಡಳು. ಹೆಸರು ಲೂಯಿಸೀನ್. ಕೊಳ್ಳು ಎಂದು ಹುರಿದುಂಬಿಸಿದವಳು ಮೇರಿ ಕಸಾಟ್. ಈಕೆಯೂ ಅಮೆರಿಕದ ಚಿತ್ರಗಾರ್ತಿ. 1877ರಲ್ಲಿ ದೆಗಾ ತಾನೇ ಕೇಳಿಕೊಂಡು ಗುಂಪಿಗೆ ಸೇರಿಸಿಕೊಂಡವಳು.

ಖಾಲಿ ಗಾಜಿನ ಪೆಟ್ಟಿಗೆ

1879ರ ನಾಲ್ಕನೇ ಪ್ರದರ್ಶನದಲ್ಲಿ ಅದೃಷ್ಟ ತಿರುಗಿತು. 15 ಸಾವಿರಕ್ಕೂ ಮಿಕ್ಕಿ ಜನ ಬಂದರು. ಖರ್ಚು ಕಳೆದು ಪ್ರತಿಯೊಬ್ಬನ ಪಾಲಿಗೆ 400 ಫ್ರಾಂಕಿಗೂ ಹೆಚ್ಚು ಲಾಭ ಬಂತು. ಕಸಾಟ್ ತನ್ನ ಪಾಲಿನ ಹಣದಲ್ಲಿ ಮೋನೆಯದೊಂದು, ದೆಗಾನದೊಂದು ಚಿತ್ರ ಕೊಂಡಳು. ಕಾಸು ಬಂದಾಗಲೇ ಒಡಕೂ ಬರೋದು ತಾನೇ? ಇಲ್ಲೂ ಬಂತು.

ದೆಗಾನ ಕಟ್ಟಾಜ್ಞೆ ಏನೆಂದರೆ, ಇಲ್ಲಿ ಚಿತ್ರ ಇಡುವವನು ಸಲೋನಿಗೆ ಕಳಿಸಕೂಡದು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ನಡೆಯದು. ರೆನ್ವಾ ಬಿಟ್ಟುಹೋದ. ಸಿಸ್ಲೆ ಹೋದ. 1880ಕ್ಕೆ ಮೋನೆಯೂ ಹೋದ. ಅವರಿಗೂ ಕಾರಣವಿತ್ತು. ಸಲೋನಿನಲ್ಲಿ ಹೆಸರಿದ್ದರೆ ಮಾತ್ರ ಗಿರಾಕಿ ಬರುತ್ತಾನೆ, ಮನೆ ಬಾಡಿಗೆ ಕಟ್ಟಬೇಕು. ಇತ್ತ ದೆಗಾ ತನಗೆ ಬೇಕಾದ ಹೊಸಬರನ್ನು ತಂದು ತುಂಬಿಸುತ್ತಿದ್ದ. ಅವರಲ್ಲಿ ರಾಫೆಲ್ಲಿ ಎಂಬುವನು ಒಬ್ಬನೇ ಹತ್ತಾರು ಚಿತ್ರ ಹೇರಿದ. ಗುಂಪಿಗೆ ತನ್ನ ಜೇಬಿನಿಂದಲೇ ಹಣ ಸುರಿಯುತ್ತಿದ್ದ ಕಾಯ್‌ಬೋಟ್ ಸಿಡಿದೆದ್ದ. ದೆಗಾನೇ ಗುಂಪಿಗೆ ಒಡಕು ತಂದವನು ಎಂದು ಪಿಸ್ಸಾರೊಗೆ ಉದ್ದ ಕಾಗದ ಬರೆದ. ಪಿಸ್ಸಾರೊ ಸಮಾಧಾನದ ಮನುಷ್ಯ. ಕಸಾಟ್‌ಳನ್ನು ತಂದವನೂ ದೆಗಾನೇ, ನಿನ್ನನ್ನು ತಂದವನೂ ದೆಗಾನೇ ಎಂದು ನೆನಪು ಮಾಡಿಕೊಟ್ಟ. ಎರಡೂ ಮಾತು ನಿಜವೇ.

ಈ ಗಲಾಟೆಯ ನಡುವೆಯೇ ಆ ವಿಚಿತ್ರ ನಡೆಯಿತು. 1880ರ ಪ್ರದರ್ಶನದ ಪಟ್ಟಿಯಲ್ಲಿ ದೆಗಾನ ಒಂದು ಶಿಲ್ಪದ ಹೆಸರು ಅಚ್ಚಾಗಿತ್ತು. ಶಿಲ್ಪವೇ ಇಲ್ಲ. 1881ರ ಏಪ್ರಿಲ್‌ನಲ್ಲಿ ಪ್ರದರ್ಶನ ಶುರುವಾದಾಗ ಗಾಜಿನ ಪೆಟ್ಟಿಗೆ ಬಂತು. ಒಳಗೆ ಏನೂ ಇಲ್ಲ! ಜನ ಖಾಲಿ ಪೆಟ್ಟಿಗೆ ನೋಡಿ ನಕ್ಕು ಹೋದರು. ಎರಡು ವಾರ ಕಳೆದ ಮೇಲೆ ಶಿಲ್ಪ ಬಂತು. ನಗು ನಿಂತಿತು.

ಒಳಗಿದ್ದದ್ದು 14 ವರ್ಷದ ನರ್ತಕಿ. ಸುಮಾರು ಒಂದು ಮೀಟರ್ ಎತ್ತರ. ಅಮೃತಶಿಲೆ ಅಲ್ಲ, ಕಂಚಲ್ಲ, ಮೇಣ. ತಲೆಗೆ ಕೂದಲಿನ ಟೋಪನ್ನು, ಜಡೆಗೆ ರಿಬ್ಬನ್ನು, ಮೈಗೆ ನಿಜವಾದ ರವಿಕೆ, ನೆರಿಗೆಯ ಲಂಗ, ಕಾಲಿಗೆ ನಿಜವಾದ ನೃತ್ಯದ ಜೋಡು. ಗದ್ದ ಎತ್ತಿ, ಕೈ ಹಿಂದಕ್ಕೆ ಕಟ್ಟಿ ನಿಂತ ಬಡಕಲು ಹುಡುಗಿ. ರೂಪದರ್ಶಿಯಾಗಿ ನಿಂತವಳು ಮರೀ ವಾನ್ ಗೋಟೆಮ್, ಬಟ್ಟೆ ಒಗೆಯುವ ಹೆಂಗಸಿನ ಮಗಳು, ಸಂಬಳಕ್ಕೆ ಕುಣಿಯುವವಳು.

ವಿಮರ್ಶಕರು ಉರಿದುಬಿದ್ದರು. ಕೋತಿ ಎಂದರು, ವೈದ್ಯಶಾಲೆಯ ಸೀಸೆಯೊಳಗೆ ಇಡಬೇಕಾದ್ದು ಎಂದರು. ಶಿಲ್ಪದಲ್ಲಿ ದೇವತೆಯರನ್ನು ನೋಡಿ ಅಭ್ಯಾಸವಾದ ಕಣ್ಣಿಗೆ, ಬೀದಿಯಲ್ಲಿ ದಿನಾ ಎದುರಾಗುವ ಬಡ ಹುಡುಗಿ ಗಾಜಿನೊಳಗೆ ನಿಂತದ್ದು ಸಹಿಸಲಿಲ್ಲ. ಉಯಿಸ್ಮಾನ್ಸ್ ಎಂಬ ಲೇಖಕ ಮಾತ್ರ ಶಿಲ್ಪಕಲೆಯಲ್ಲಿ ನಿಜವಾದ ಹೊಸತು ಇದೊಂದೇ ಎಂದು ಎತ್ತಿಹಿಡಿದ. ದೆಗಾ ಶಿಲ್ಪವನ್ನು ಮನೆಗೆ ಹೊತ್ತುಕೊಂಡು ಹೋದ. ಬದುಕಿರುವ ತನಕ ಮತ್ತೆ ಹೊರಗೆ ತರಲಿಲ್ಲ.

1882ರಲ್ಲಿ ರಾಫೆಲ್ಲಿಯ ಜಗಳದಲ್ಲಿ ದೆಗಾ ಹೊರಗುಳಿದ. 1886ರ ಎಂಟನೇ ಪ್ರದರ್ಶನಕ್ಕೆ ಸ್ನಾನ ಮಾಡುವ, ಮೈ ಒರೆಸಿಕೊಳ್ಳುವ, ತಲೆ ಬಾಚಿಕೊಳ್ಳುವ ಹೆಂಗಸರ ಪಾಸ್ಟೆಲ್ ಚಿತ್ರಗಳನ್ನು ತಂದ. ಅಲ್ಲಿಗೆ ಗುಂಪು ಚದುರಿತು.

ಕೊನೆಯ ದಿನಗಳು

ದೆಗಾ ಮದುವೆಯಾಗಲಿಲ್ಲ. ನಾಲಿಗೆ ಖಾರ, ಸ್ವಭಾವ ಒರಟು. ವಯಸ್ಸಾಗುತ್ತ ಅದು ವಿಷವೂ ಆಯಿತು. ಯಹೂದಿ ಎಂಬ ಕಾರಣಕ್ಕೆ ದ್ರೇಫಸ್ ಎಂಬ ಸೇನಾಧಿಕಾರಿಯ ಮೇಲೆ 1894ರಲ್ಲಿ ಸುಳ್ಳು ದೇಶದ್ರೋಹದ ಆರೋಪ ಹೊರಿಸಿದಾಗ ಫ್ರಾನ್ಸ್ ಎರಡು ಹೋಳಾಯಿತು. ದೆಗಾ ಯಹೂದಿ ದ್ವೇಷಿಗಳ ಪಕ್ಷ ಹಿಡಿದ. ಬಾಲ್ಯದಿಂದ ಅನ್ನ ಹಾಕಿದ ಅಲೇವಿ ಮನೆತನದ ಸ್ನೇಹವನ್ನು 1897ರಲ್ಲಿ ಕಡಿದುಕೊಂಡ. ತನ್ನ ಪರವಾಗಿ ಕಾಯ್‌ಬೋಟ್‌ಗೆ ಉತ್ತರ ಬರೆದಿದ್ದ ಪಿಸ್ಸಾರೊ ಯಹೂದಿ ಮನೆತನದವನು. ಅವನ ಮುಖವನ್ನೂ ನೋಡದಾದ. ದ್ರೇಫಸ್ ನಿರಪರಾಧಿ ಎಂದು 1906ರಲ್ಲಿ ನ್ಯಾಯಾಲಯವೇ ಸಾರಿತು. ಕಳೆದುಹೋದ ಸ್ನೇಹ ತಿರುಗಿ ಬರಲಿಲ್ಲ. ದೆಗಾನ ಕೈಚಳಕವನ್ನು ಹೊಗಳುವವರು ಈ ಕಲೆಯನ್ನು ಮುಚ್ಚಿಡಬೇಕಾಗಿಲ್ಲ.

ಶಾಲೆಯ ಗೆಳೆಯ ಆನ್ರಿ ರುಆರ್ ಹತ್ತಿರ ದೆಗಾನ ಹಳೆಯ ಚಿತ್ರವೊಂದಿತ್ತು. ಸ್ವಲ್ಪ ತಿದ್ದಿ ಕೊಡ್ತೀನಿ ಎಂದು ತಂದವನು ತಿದ್ದಿ ತಿದ್ದಿ ಹಾಳುಮಾಡಿದ! ಬದಲಿಗೆ ಇನ್ನೊಂದು ಕೊಟ್ಟ. ಕಟಕಟೆ ಹಿಡಿದು ಅಭ್ಯಾಸ ಮಾಡುವ ಇಬ್ಬರು ನರ್ತಕಿಯರು, ಪಕ್ಕದಲ್ಲಿ ಧೂಳು ಏಳದಂತೆ ನೀರು ಚಿಮುಕಿಸುವ ಒಂದು ಡಬ್ಬ. ಅದೂ ಮಿಶ್ರ ಮಾಧ್ಯಮದ್ದೇ, 1877ರ ಪ್ರದರ್ಶನದಲ್ಲಿ ಇಟ್ಟದ್ದು. ರುಆರ್ ಸತ್ತ ಮೇಲೆ 1912ರಲ್ಲಿ ಹರಾಜಿಗೆ ಬಂತು. ಕೂಗು 4 ಲಕ್ಷ ಫ್ರಾಂಕ್ ದಾಟಿತು. ಬದುಕಿರುವ ಕಲಾವಿದನ ಚಿತ್ರಕ್ಕೆ ಅಷ್ಟು ಹಣ ಅಲ್ಲಿಯವರೆಗೆ ಬಂದಿರಲಿಲ್ಲ. ಕೊಂಡವಳು ಯಾರು? ಹಿಂದೆ 500 ಫ್ರಾಂಕ್ ಕೊಟ್ಟಿದ್ದ ಅದೇ ಲೂಯಿಸೀನ್! ಆ ಹಣದಲ್ಲಿ ದೆಗಾನಿಗೆ ದಕ್ಕಿದ್ದು ಒಂದು ಕಾಸೂ ಇಲ್ಲ. ಅದೇ ವರ್ಷ ಆತ ಬಾಡಿಗೆಗಿದ್ದ ಮನೆಯನ್ನು ಕೆಡವಲು ಬಂದರು. 78ನೇ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿದ. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆಮೇಲೆ ಕೆಲಸ ಮಾಡಲಿಲ್ಲ. 1917ರ ಸೆಪ್ಟೆಂಬರ್ 27ರಂದು ತೀರಿಕೊಂಡ.

ಬಾಗಿಲು ತೆರೆದು ನೋಡಿದರೆ ಕೋಣೆಯಲ್ಲಿ ಮೇಣ, ಜೇಡಿಮಣ್ಣಿನ ಸುಮಾರು 150 ಬೊಂಬೆಗಳು. ಕುದುರೆ, ನರ್ತಕಿ, ಸ್ನಾನದ ಹೆಂಗಸು. ಬಹಳಷ್ಟು ಮುರಿದು ಬಿದ್ದಿದ್ದವು. ಕಣ್ಣು ಕಾಣದಾದಾಗ ಬೆರಳಿನಿಂದ ನೋಡುತ್ತ ಮಾಡಿದವೂ ಅದರಲ್ಲಿದ್ದವು. ಎಪ್ಪತ್ತಕ್ಕೂ ಹೆಚ್ಚನ್ನು ಎಬ್ರಾರ್ ಎಂಬ ಎರಕದ ಮನೆಯವರು ಕಂಚಿನಲ್ಲಿ ಎರಕ ಹೊಯ್ದರು. ಯಾರೂ ಕೊಳ್ಳದೆ ಮನೆಗೆ ಮರಳಿದ್ದ ನರ್ತಕಿಯ ಒಂದು ಕಂಚಿನ ಪ್ರತಿ 2022ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 4 ಕೋಟಿ 16 ಲಕ್ಷ ಡಾಲರಿಗೆ ಹೋಯಿತು. 184 ಫ್ರಾಂಕ್ ಕೈಯಿಂದ ಕಟ್ಟಬೇಕಾದ ಆ ಮೊದಲ ಪ್ರದರ್ಶನಕ್ಕೆ 150 ತುಂಬಿತು ಎಂದು 2024ರಲ್ಲಿ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂ ಭಾರಿ ಪ್ರದರ್ಶನವನ್ನೇ ಏರ್ಪಡಿಸಿತು.

ಮೇಣದ ಮೂಲ ಹುಡುಗಿ ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ಯಾಲರಿಯಲ್ಲಿದ್ದಾಳೆ. ಅಲ್ಲಿನ ತಜ್ಞರು ಎಕ್ಸ್‌ರೇ ತೆಗೆದು ನೋಡಿದರು. ಮೈಯೊಳಗೆ ತಂತಿ, ಮರದ ತುಂಡು, ಹಗ್ಗ. ಕೈಗಳೊಳಗೆ ಆಸರೆಗೆಂದು ಸೇರಿಸಿದ್ದು ಬಣ್ಣ ಬಳಿಯುವ ಹಳೇ ಕುಂಚಗಳು. ಕೈಗೆ ಸಿಕ್ಕಿದ್ದನ್ನೆಲ್ಲ ಒಂದಕ್ಕೊಂದು ಕೂಡಿಸಿ ನಿಲ್ಲಿಸುವ ವಿದ್ಯೆ ಆ ಮನುಷ್ಯನಿಗೆ ಸಿದ್ಧಿಸಿತ್ತು. ಜೊತೆಗಾರರನ್ನು ಹಾಗೆ ನಿಲ್ಲಿಸಿಕೊಳ್ಳುವ ವಿದ್ಯೆಯೊಂದು ಸಿದ್ಧಿಸಲಿಲ್ಲ. ಹುಡುಗಿ ಮಾತ್ರ ಇನ್ನೂ ಗದ್ದ ಎತ್ತಿಯೇ ನಿಂತಿದ್ದಾಳೆ.